ಉಂಡವರ ಲೆಕ್ಕ, ಬಂದವರ ಲೆಕ್ಕ

ಎಂಬತ್ತರ ದಶಕದ ಕೊನೆಗೆ ನಾನು ಕಡಲತೀರದ ಒಂದು ಪ್ರಯೋಗಾಲಯದಲ್ಲಿದ್ದೆ. ದಕ್ಷಿಣ ಧ್ರುವದ ಕಡೆಯಿಂದ ಹಡಗು ತಂದ ಸಮುದ್ರದ ನೀರಿನಲ್ಲಿ ಎಷ್ಟು ಸೂಕ್ಷ್ಮಜೀವಿಗಳಿವೆ ಎಂದು ಎಣಿಸುವುದು ನನ್ನ ಕೆಲಸ. ಅದಕ್ಕೆ ಎರಡು ದಾರಿ. ಗಾಜಿನ ತಟ್ಟೆಯಲ್ಲಿ ಅವಕ್ಕೆ ಊಟವಿಟ್ಟು, ಹನಿ ನೀರು ಸವರಿ, ಬೆಳೆದ ಚುಕ್ಕೆ ಎಣಿಸುವುದು ಒಂದು. ನೀರಿಗೆ ಬಣ್ಣ ಹಾಕಿ, ಸೋಸಿ, ಸೂಕ್ಷ್ಮದರ್ಶಕದಲ್ಲಿ ಹೊಳೆಯುವುದನ್ನೆಲ್ಲ ಎಣಿಸುವುದು ಇನ್ನೊಂದು. ತಟ್ಟೆಯಲ್ಲಿ ಹತ್ತಾರು, ಸೂಕ್ಷ್ಮದರ್ಶಕದಲ್ಲಿ ಸಾವಿರಾರು! ಈ ಅಂತರ ಯಾಕೆಂದು ಹೇಳಿದರಷ್ಟೇ ಮುಂದಿನ ಹಡಗಿಗೆ ನಿನ್ನ ಹೆಸರು ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಅದೇ ಚಿಂತೆ ಹೊತ್ತು ಅಣ್ಣನ ಮಗಳ ತೊಟ್ಟಿಲ ಕಾರ್ಯಕ್ಕೆ ದಿಗ್ಗೇವಾಡಿಗೆ ಬಂದೆ. ಬಂದವರೆಲ್ಲ ಉಂಡ ಮೇಲೆಯೇ ಮನೆಯವರು ಊಟಕ್ಕೆ ಕೂಡಬೇಕೆಂಬುದು ನಮ್ಮ ಆಯಿಯ, ಅಂದರೆ ಅಜ್ಜಿಯ, ಕಟ್ಟಳೆ. ಮಧ್ಯಾಹ್ನ ಮೂರಾಗಿತ್ತು. ಉಂಡವರು ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಹಸಿದ ಕಾಕಾ, ಆಯಿಯ ಕಿರಿಮಗ, ಎತ್ತಿದ ಪತ್ರಾವಳಿ ಎಣಿಸಿ, ಎಂಬತ್ತು ಮಂದಿ, ಮುಗಿಯಿತು ಎಂದ. ಮನೆಯವರು ಚಪ್ಪಲಿ ಬಿಡುವುದು ಹಿತ್ತಲಲ್ಲಿ. ಆಯಿ ಮುಂಬಾಗಿಲ ಚಪ್ಪಲಿ ಎಣಿಸಿ, ನೂರಾ ಇಪ್ಪತ್ತು ಜೋಡು ಎಂದಳು.

"ನಲವತ್ತ ಜೋಡ ತಾವ ನಡಕೊಂಡ ಬಂದಾವೇನ್ಲೇ?"

ಹುಡುಕಿದರೆ ಕಾಗವಾಡದ ಬೀಗರು, ಮೂವತ್ತೊಂಬತ್ತು ಮಂದಿ, ಮನೆಯೊಳಗಿಂದ ಹಾಯ್ದು ಹಿತ್ತಲ ಬೇವಿನ ಕೆಳಗೆ ಕೂತಿದ್ದರು. ಎಲ್ಲರೂ ವಿಠ್ಠಲನ ತುಳಸಿಮಾಲೆ ಹಾಕಿದವರು, ಅವತ್ತು ಏಕಾದಶಿ. ದಿನ ಗೊತ್ತು ಮಾಡಿದ ಕಾಕಾ ಪಂಚಾಂಗ ನೋಡಿರಲಿಲ್ಲ. ಹೇಳಲು ಅವರಿಗೆ ಸಂಕೋಚ.

"ನೀ ಹೋಳಗಿ ಹಾಕಿದಿ. ಅದನ್ನ ಉಣದವ್ರು ಬಂದ ಇಲ್ಲಂತ ಹೆಂಗ ಹೇಳ್ತೀ?" ಎಂದಳು ಆಯಿ.

ನನಗೆ ನನ್ನ ಗಾಜಿನ ತಟ್ಟೆಗಳು ನೆನಪಾದವು. ಮಂಜಿನ ನೀರಿನ ಜೀವಿಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ನಾನೂ ಹೋಳಿಗೆಯನ್ನೇ ಬಡಿಸಿದ್ದೆ.

ಉಪವಾಸಕ್ಕೆ ನಡೆಯುವ ಸಾಬುದಾಣಿಯ, ಅಂದರೆ ಸಾಬಕ್ಕಿಯ, ಖಿಚಡಿ ತಿಂದು ಬೀಗರು ಹೋದರು, ಉಳಿದವರೂ ಹೋದರು. ಬಾಗಿಲಲ್ಲಿ ಒಂದು ಜೋಡು ಮಾತ್ರ ಉಳಿಯಿತು, ಅಥಣಿಯ ಹಳೆ ಚಪ್ಪಲಿ. ತೀರಿಹೋಗಿ ನಾಲ್ಕು ವರ್ಷವಾದ ಅಜ್ಜನದು.

"ಯವ್ವಾ, ಅಪ್ಪನ್ನೂ ಎಣಿಸಿಬಿಟ್ಟೀ," ಎಂದು ಕಾಕಾ ಗೆದ್ದವನಂತೆ ನಕ್ಕ.

ಆಯಿ ಧೂಳು ಒರೆಸಿ ಅದನ್ನು ಅಲ್ಲೇ ಇಟ್ಟಳು. "ಅವರೇನ ಹೊರಗಿನವ್ರೇನ, ಬಿಟ್ಟ ಎಣಿಸಾಕ?"

ಮರಳಿ ಹೋಗಿ ಊಟ ತೆಳ್ಳಗೆ ಮಾಡಿ, ತಟ್ಟೆಗಳನ್ನು ಕೊರೆಯುವ ತಂಪಿನಲ್ಲಿ ವಾರಗಟ್ಟಲೆ ಇಟ್ಟೆ. ಚುಕ್ಕೆಗಳು ಹೆಚ್ಚಿದವು, ಆದರೂ ಲೆಕ್ಕ ಸಮವಾಗಲಿಲ್ಲ. ತಟ್ಟೆ ಉಂಡವರನ್ನಷ್ಟೇ ಎಣಿಸುತ್ತದೆ, ಬಣ್ಣ ಸತ್ತವರನ್ನೂ ಎಣಿಸುತ್ತದೆ ಎಂದು ಬರೆದುಕೊಟ್ಟೆ. ಸಾಹೇಬರು ಎರಡು ಸಲ ಓದಿ, ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದರು.

ಹಡಗು ಹತ್ತುವ ಮುನ್ನ ಊರಿಗೆ ಹೋಗಿ ಹೊರಡುವಾಗ ಆಯಿ ಎರಡು ಸೇರು ಸಾಬುದಾಣಿ ಕಟ್ಟಿಕೊಟ್ಟಳು. "ಇರ್ಲಿ ತಮ್ಮಾ, ಅಲ್ಲಿ ಯಾರರೆ ಉಣದ ಕುಂತ್ರ ಬೇಕಾಗ್ತೈತಿ."