ಪಂಕ್ತಿಯಿಂದ ಎಬ್ಬಿಸಿದ ಕೆಮ್ಮು

"ಇವರನ್ನು ಸ್ವಲ್ಪ ಆಚೆ ಕೂರಿಸಿ ಮಾರಾಯ್ರೆ, ಮಕ್ಕಳು ಊಟ ಮಾಡುವುದು ಬೇಡ್ವಾ?"

ಸಂತೆಕಟ್ಟೆಯ ಮದುವೆ ಊಟದಲ್ಲಿ ಎದುರು ಕುಳಿತಿದ್ದ ಗಂಡಸು ಜೋರಾಗಿಯೇ ಹೇಳಿದ. ನನ್ನ ಚಿಕ್ಕಮ್ಮ ಆಗಷ್ಟೇ ಊಟ ಮುಗಿಸಿ ಕೆಮ್ಮತೊಡಗಿದ್ದರು. ಕೆಮ್ಮಿ ಕೆಮ್ಮಿ ಓಕರಿಕೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಪಕ್ಕದ ಹೆಂಗಸು ತನ್ನ ಬಾಳೆಲೆಯನ್ನು ಸರ್ರನೆ ಅತ್ತ ಎಳೆದುಕೊಂಡು, "ಇವರಿಗೆ ಟಿಬಿ ಎಂತದ್ದಾದರೂ ಉಂಟಾ?" ಎಂದು ನನ್ನನ್ನು ಕೇಳಿದಳು.

ನನಗೆ ತಡೆಯಲಾಗಲಿಲ್ಲ. "ಟಿಬಿ ಅಲ್ಲ! ಹೊಟ್ಟೆಯ ಆಸಿಡ್ ಗಂಟಲಿಗೆ ಬರುವುದು. ಮಣಿಪಾಲದಲ್ಲಿ ಎಲ್ಲ ಪರೀಕ್ಷೆ ಆಗಿದೆ. ಅದು ಯಾರಿಗೂ ಅಂಟುವುದಿಲ್ಲ" ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದೆ.

ಊಟದ ನಂತರದ ಕೆಮ್ಮಿಗೆ ಆಸ್ತಮಾ, ನುಂಗುವ ತೊಂದರೆ ಹೀಗೆ ಬೇರೆ ಕಾರಣಗಳೂ ಇರಬಹುದೆಂದು ವೈದ್ಯರು ಒಂದೊಂದನ್ನೂ ನೋಡಿ, ಅವು ಯಾವುದೂ ಅಲ್ಲವೆಂದಿದ್ದರು. ಚಿಕ್ಕಮ್ಮನದು ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಮನೆ. ಹೂ ಒಯ್ಯುವವರು ಬರುವ ಮೊದಲು ಕಟ್ಟಿ ಮುಗಿಸಬೇಕೆಂದು ಗಬಗಬನೆ ಗಂಜಿ ಉಂಡು, ಕೂಡಲೇ ಬಗ್ಗಿ ಕುಳಿತು ಕಟ್ಟುತ್ತಾರೆ. ಉಂಡ ಕೂಡಲೇ ಬಗ್ಗಬೇಡಿ ಎಂದು ವೈದ್ಯರೇನೋ ಹೇಳಿದ್ದಾರೆ. ಹೂ ಕೇಳಬೇಕಲ್ಲ!

ನಾನು ಮಾತು ಮುಗಿಸುವಷ್ಟರಲ್ಲಿ ಚಿಕ್ಕಮ್ಮ ತಲೆ ತಗ್ಗಿಸಿ ಎದ್ದು ಹೋಗಿದ್ದರು. ಎಲೆ ಎಳೆದುಕೊಂಡ ಹೆಂಗಸು ಅತ್ತ ತಿರುಗಿದಾಗ ಅವಳ ಜಡೆಯ ತುಂಬ ಮಲ್ಲಿಗೆ ಕಂಡಿತು. ಆ ಮದುವೆಯ ಹೂವನ್ನೆಲ್ಲ ಕಟ್ಟಿಕೊಟ್ಟವರು ಚಿಕ್ಕಮ್ಮನೇ. ಅದನ್ನು ತಲೆಯಿಂದ ತೆಗೆದು ದೂರ ಇಡಬೇಕೆಂದು ಮಾತ್ರ ಅಲ್ಲಿ ಯಾರಿಗೂ ಅನಿಸಲಿಲ್ಲ.