ಲೆಂಪಿ ಅತ್ತೆಯ ಗುಟ್ಟಿನ ಜಾಗ

ಫಿನ್ಲೆಂಡಿನ ನಮ್ಮ ಕೈನೂ ಸೀಮೆಯಲ್ಲಿ ಯಾರನ್ನು ಏನು ಬೇಕಾದರೂ ಕೇಳಿ, ಕಾಡಲ್ಲಿ ಬೆಳೆಯುವ ಲಿಂಗನ್ ಹಣ್ಣು ಎಲ್ಲಿ ಕಿತ್ತಿರಿ ಎಂದು ಮಾತ್ರ ಕೇಳಬಾರದು. ಹೆತ್ತ ಮಕ್ಕಳಿಗೂ ಆ ಜಾಗ ಹೇಳುವುದಿಲ್ಲ. ನನ್ನ ಅತ್ತೆ ಲೆಂಪಿಯಂತೂ ಕಟ್ಟಿಕೊಂಡ ಗಂಡನಿಗೂ ಹೇಳದೆ ಅವನನ್ನು ಮಣ್ಣು ಮಾಡಿದವಳು.

ಪಕ್ಕದ ಮನೆಯ ಉರ್ಹೊ, ಮದುವೆಯಾಗದೆ ಉಳಿದ ಮುದುಕ, ಸೆಪ್ಟೆಂಬರ್ ಬಂತೆಂದರೆ ಬೇಲಿಗೆ ಒರಗಿ ಕೆಣಕುತ್ತಿದ್ದ.

"ಈ ಸಲ ಎಲ್ಲಿ ಸಿಕ್ತು, ಲೆಂಪಿ?"

"ಕಾಡಲ್ಲಿ."

"ಯಾವ ಕಾಡಲ್ಲಿ?"

"ಮರ ಇರೋ ಕಾಡಲ್ಲಿ. ಹೋಗು, ನಿನ್ನ ಕೆಲಸ ನೋಡ್ಕೋ."

ಅತ್ತೆ ಸೈಕಲ್ಲೇರಿ ಮೊದಲು ಚರ್ಚಿನ ಕಡೆ ಹೋಗಿ, ಆಮೇಲೆ ಕೆರೆ ಸುತ್ತಿ, ಎಲ್ಲೋ ಮಾಯವಾಗುತ್ತಿದ್ದಳು. ಸಂಜೆ ಬಕೆಟ್ ತುಂಬ ಕೆಂಪು ಹಣ್ಣು. ಹಿಮಸಾರಂಗದ ಮಾಂಸ ಹುರಿದು, ಆಲೂಗಡ್ಡೆ ಬೇಯಿಸಿ ಕಿವುಚಿ, ಪಕ್ಕಕ್ಕೆ ಆ ಹುಳಿಹಣ್ಣನ್ನು ಜಜ್ಜಿ ಬಡಿಸಿದರೆ ಜಗಳವಾಡಿಕೊಂಡವರೂ ಸುಮ್ಮನೆ ಉಣ್ಣುತ್ತಿದ್ದರು. ರವೆ ಗಂಜಿಗೆ ಅದೇ ಹಣ್ಣಿನ ರಸ ಹಾಕಿ, ತಣ್ಣಗಾದ ಮೇಲೆ ಗುಲಾಬಿ ನೊರೆ ಬರುವಂತೆ ಕಡೆಯುತ್ತಿದ್ದಳು. ಅದಕ್ಕಾಗಿಯೇ ನಾನು ಈ ಮನೆಯಲ್ಲಿ ಬಾಳಿದ್ದು ಎಂದರೂ ತಪ್ಪಿಲ್ಲ.

ಹೋದ ವರ್ಷ ಅತ್ತೆಯ ಮಂಡಿ ಕೈಕೊಟ್ಟಿತು. ಸೈಕಲ್ ಮೂಲೆ ಸೇರಿತು. ಬೇರೆಯವರಿಗೆ ಜಾಗ ತೋರಿಸಿದರೆ ಮಾನ ಹೋಗುತ್ತದೆ, ತೋರಿಸದಿದ್ದರೆ ಚಳಿಗಾಲವಿಡೀ ಹಣ್ಣಿಲ್ಲ. ಹಟಮಾರಿ ಹೆಂಗಸು, ಹಿತ್ತಿಲಲ್ಲೇ ಬೆಳೆಯುತ್ತೇನೆಂದು ಹೊರಟಳು. ಗಿಡ ತರಿಸಿ, ಕಪ್ಪು ಮಣ್ಣು ಹಾಕಿ, ಕೊಟ್ಟಿಗೆ ಗೊಬ್ಬರ ಸುರಿದು ಮಗುವಿನಂತೆ ಸಾಕಿದಳು. ಬೇಸಿಗೆ ಮುಗಿಯುವುದರೊಳಗೆ ಎಲ್ಲ ಸುಟ್ಟುಹೋದವು.

ಉರ್ಹೊ ಬೇಲಿಯಾಚೆಯಿಂದ ನೋಡಿ, "ಬರಡು ಮಣ್ಣಲ್ಲಿ ಉಪವಾಸ ಬಿದ್ದು ಬೆಳೆಯೋ ಗಿಡಕ್ಕೆ ಮದುವೆ ಊಟ ಹಾಕಿದ್ಯಲ್ಲೇ, ಸಾಯದೆ ಏನ್ಮಾಡುತ್ತೆ?" ಎಂದ.

ನಾನು ಅಂಗಡಿಯಿಂದ ಅದೇ ಹಣ್ಣಿನ ಜಾಮ್ ತಂದೆ. ಅತ್ತೆ ಒಂದು ಚಮಚ ಬಾಯಿಗಿಟ್ಟು ತಟ್ಟೆ ಸರಿಸಿದಳು. "ಸಕ್ಕರೆಗೆ ಬಣ್ಣ ಬಳಿದಿದ್ದಾರೆ," ಎಂದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೂ ಸಂಕಟವಾಯಿತು. ಮರುದಿನ ಬೆಳಿಗ್ಗೆ ತಾನಾಗಿಯೇ ಬಾಯಿಬಿಟ್ಟಳು.

"ಕಾರು ತೆಗಿಯೇ, ಸೈಮಿ. ಯಾರಿಗಾದ್ರೂ ಹೇಳಿದ್ರೆ ನೀನು ನನ್ನ ಸೊಸೆನೇ ಅಲ್ಲ."

ಚರ್ಚಿನ ಕಡೆ ಹೋದೆವು. ಕೆರೆ ಸುತ್ತಿದೆವು. ಎಡಕ್ಕೆ ಎಂದಳು, ಮತ್ತೆ ಎಡಕ್ಕೆ ಎಂದಳು. ಕಾರು ನಿಲ್ಲಿಸಿ, ಅತ್ತೆಗೆ ತೋಳು ಕೊಟ್ಟು ಪೈನ್ ಮರಗಳ ದಿಬ್ಬ ಹತ್ತಿಸಿ ನೋಡಿದರೆ ಕೆಳಗೆ ಕಾಣುತ್ತಿದ್ದದ್ದು ಉರ್ಹೊ ಬಿಸಿ ಉಗಿಸ್ನಾನ ಮಾಡುವ ಸೌನಾ ಮನೆಯ ಹಿಂಬದಿ. ಅದರಾಚೆ ನಮ್ಮದೇ ಹಿತ್ತಿಲು. ದಿಬ್ಬದ ತುಂಬ ಹಣ್ಣು.

"ಅತ್ತೆ, ಇಷ್ಟು ವರ್ಷ ಅವನ ಬೆನ್ನ ಹಿಂದೇನಾ?"

"ಮೆತ್ತಗೆ ಮಾತಾಡೇ."

ಅಷ್ಟರಲ್ಲಿ ಸೌನಾ ಬಾಗಿಲು ತೆರೆದು, ಸೊಂಟಕ್ಕೆ ಟವೆಲ್ ಸುತ್ತಿಕೊಂಡ ಉರ್ಹೊ ಹೊರಬಂದ. ಅತ್ತೆಯ ಮುಖ ಹಣ್ಣಿಗಿಂತ ಕೆಂಪಾಯಿತು.

"ತಡವಾಯ್ತಲ್ಲ ಈ ವರ್ಷ," ಎಂದ.

"ನಿನಗೆ ಗೊತ್ತಿತ್ತಾ?"

"ಮೊದಲನೇ ವರ್ಷದಿಂದ."

"ಮತ್ತೆ ಯಾಕೆ ಎಲ್ಲಿ ಎಲ್ಲಿ ಅಂತ ಪ್ರಾಣ ತಿಂತಿದ್ದೆ?"

"ಗೊತ್ತು ಅಂದಿದ್ರೆ ನೀನು ಬರ್ತಾನೇ ಇರ್ಲಿಲ್ಲ." ಟವೆಲ್ ಬಿಗಿ ಮಾಡಿಕೊಂಡ. "ಒಂದು ಹಣ್ಣೂ ಮುಟ್ಟಿಲ್ಲ ನಾನು. ಈ ಕಡೆ ಕಿಟಕಿ ಮಾತ್ರ ದೊಡ್ಡದು ಮಾಡಿಸ್ದೆ."

ಅತ್ತೆ ಬಹಳ ಹೊತ್ತು ಆ ಕಿಟಕಿಯನ್ನೇ ನೋಡಿದಳು. ಆಮೇಲೆ ಬಾಚಣಿಗೆಯಂತೆ ಹಲ್ಲಿರುವ, ಹಣ್ಣು ಬಾಚುವ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತು ಅವನತ್ತ ಚಾಚಿದಳು.

"ಪ್ಯಾಂಟ್ ಹಾಕ್ಕೊಂಡು ಬಾ. ನನ್ನ ಮಂಡಿ ನೋಯುತ್ತೆ, ನೀನು ಕೀಳು."