ಜೂನ್‌ನಲ್ಲಿ ಹಾಕಿದ ಹತ್ತು ರುಜು

ನಮ್ಮ ಮನೆಯ ಬೀರುವಿನ ಕನ್ನಡಿಗೂ ಅದರ ಚೌಕಟ್ಟಿಗೂ ನಡುವೆ ಒಂದು ಸಂದಿಯಿದೆ. ನಿಮ್ಮ ಮನೆಯಲ್ಲೂ ಇರಬಹುದು. ಕರೆಂಟ್ ಬಿಲ್ಲು, ಮದುವೆಯ ಕರೆಯೋಲೆ, ಗ್ಯಾಸ್ ತರುವವನ ನಂಬರು ಬರೆದ ಚೀಟಿ, ಎಲ್ಲಕ್ಕೂ ಅದೇ ಜಾಗ. ನಮ್ಮದರಲ್ಲಿ ಈಗ ಒಂದೇ ಒಂದು ಕಾರ್ಡು ಇದೆ. ಹಳದಿ ಬಣ್ಣದ ದಪ್ಪ ಕಾಗದ, ಒಂದು ಮೂಲೆಯಲ್ಲಿ ಎಣ್ಣೆಯ ಕಲೆ. ಮೇಲೆ ‘ಮನೆಯವರೊಂದಿಗೆ ಒಂದು ವರ್ಷ’ ಎಂದು ಅಚ್ಚಾಗಿದೆ. ಕೆಳಗೆ ಹತ್ತು ಚೌಕಗಳು, ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು. ಪ್ರತಿ ಚೌಕದಲ್ಲೂ ಮಗು ಮನೆಯವರ ಜೊತೆ ಮಾಡಬೇಕಾದ ಒಂದು ಕೆಲಸ, ಅದರಡಿ ಜೊತೆಗಿದ್ದವರ ರುಜು. ಹತ್ತಕ್ಕೆ ಹತ್ತೂ ನನ್ನ ರುಜುಗಳೇ. ತಲೆ ಬಾಚಲು ನಿಂತಾಗಲೆಲ್ಲ ಅವು ಕನ್ನಡಿಯಲ್ಲಿ ನನ್ನ ಮುಖದ ಪಕ್ಕಕ್ಕೇ ಬಂದು ನಿಲ್ಲುತ್ತವೆ.

ಇದು ನನ್ನ ಮಗಳು ಸಿಂಚನಳ ಕಾರ್ಡು. ನಂಜನಗೂಡಿನಲ್ಲಿ ಅವಳು ಓದುತ್ತಿದ್ದ ಶಾಲೆಯಲ್ಲಿ ಸ್ಕೌಟ್ ದಳವಿದೆ. ಅದರಲ್ಲಿ ಪುಟ್ಟ ಹೆಣ್ಣುಮಕ್ಕಳ ಗುಂಪಿಗೆ ಬುಲ್‌ಬುಲ್ ಎಂದು ಹೆಸರು. ನಾಲ್ಕನೇ ಕ್ಲಾಸಿನಲ್ಲಿ ಅದಕ್ಕೆ ಸೇರಿದಳು. ಕುತ್ತಿಗೆಗೆ ಸ್ಕಾರ್ಫು ಕಟ್ಟಿಕೊಂಡವರು ಸುಳ್ಳು ಹೇಳಬಾರದು ಎಂದು ಅವರ ಟೀಚರ್ ಹೇಳಿಕೊಟ್ಟಿದ್ದರು. ಇಂಥ ಮಾತುಗಳನ್ನು ದೊಡ್ಡವರಾದ ನಾವು ಶಾಲೆಯ ಗೋಡೆಯ ಮೇಲೆ ಓದಿ ಮುಂದಕ್ಕೆ ಹೋಗುತ್ತೇವೆ, ಅವಳು ನಂಬಿದಳು. ಈ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಯ ಎರಡನೇ ವಾರ ಜ್ವರ ಬಂತು. ಆರನೆಯ ದಿನ ಅವಳು ಹೋಗಿಬಿಟ್ಟಳು. ಒಂಬತ್ತು ವರ್ಷ. ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ತಿಂಗಳು ಹಿಡಿಯಿತು. ಇದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ರುಜುವಿನ ವಿಷಯವನ್ನು ಮಾತ್ರ ಹೇಳಬೇಕು. ನಾನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಮಿಷಿನ್ನಿನ ಪಕ್ಕ ಒಂದು ಶೀಟು ನೇತುಹಾಕಿರುತ್ತಾರೆ. ಗಂಟೆಗೊಮ್ಮೆ ಮೀಟರು ನೋಡಿ, ಬಿಸಿ ಎಷ್ಟಿದೆ ಎಂದು ಬರೆದು ರುಜು ಹಾಕಬೇಕು. ಸೇರಿದ ಹೊಸದರಲ್ಲಿ ನಾನು ಗಂಟೆ ತಪ್ಪದೆ ಹೋಗಿ ನೋಡುತ್ತಿದ್ದೆ. ಜೊತೆಗಾರನೊಬ್ಬ ನಗಾಡಿದ. “ಲೇ, ಅದೇನ್ಲಾ ಗಂಟೆಗೊಂದ್ಸಲ ಓಗಿ ಅದ್ರ ಮಕ ನೋಡೀಯೆ, ಎಣ್ಣು ನೋಡಕ್ ಬಂದೋನಂಗೆ? ಎಂಟೂ ಒಂದೇ ಸಲ ಗೀಚ್ಬುಟ್ಟು ಬಾ, ಟೀ ಕುಡಿಯನ.” ನಾನೂ ನಕ್ಕೆ, ಎಂಟೂ ಗೀಚಿದೆ. ಅಂದಿನಿಂದ ಇನ್ನೂ ಬಾರದ ಗಂಟೆಗಳು ಬಂದು ಹೋದವುಗಳಂತೆ ಬೆಳಗ್ಗೆಯೇ ಶೀಟಿನ ಮೇಲೆ ಕೂತಿರುತ್ತಿದ್ದವು. ಮಿಷಿನ್ನು ಒಂದು ದಿನವೂ ಕೆಡಲಿಲ್ಲ. ಕೆಟ್ಟಿದ್ದರೆ ನಾನು ಕಲಿಯುತ್ತಿದ್ದೆನೇನೋ. ಯಾರಿಗೂ ತೊಂದರೆಯಾಗದ ತಪ್ಪು ನಮ್ಮೊಳಗೆ ಒಂದು ಅಭ್ಯಾಸವಾಗಿ, ಒಂದು ಜಾಣತನವಾಗಿ ಬೇರು ಬಿಡುತ್ತದೆ.

ಹೋದ ವರ್ಷ ಜೂನ್‌ನಲ್ಲಿ ಕಾರ್ಡು ಮನೆಗೆ ಬಂದಾಗ ಮೂಗೂರಿನಲ್ಲಿ ನನ್ನ ಅತ್ತೆ ಹಾಸಿಗೆ ಹಿಡಿದಿದ್ದರು. ಹೆಂಡತಿ ಮಂಜುಳ ವಾರವೆಲ್ಲ ಗಾರ್ಮೆಂಟ್ಸಿಗೆ ಹೋಗಿ, ಭಾನುವಾರ ಮೊದಲ ಬಸ್ಸು ಹಿಡಿದು ತಾಯಿಯ ಬಟ್ಟೆ ಒಗೆದು ಬರಲು ಊರಿಗೆ ಹೋಗುತ್ತಿದ್ದಳು. ಹೀಗಾಗಿ ಭಾನುವಾರಗಳು ನನ್ನ ಪಾಲಿಗೆ ಬಂದವು, ಅಂದರೆ ಕಾರ್ಡೂ ನನ್ನ ಪಾಲಿಗೆ ಬಂತು. ನಾನು ಓವರ್‌ಟೈಮಿಗೆ ಹೊರಟು ಬಾಗಿಲಲ್ಲಿ ನಿಂತಿದ್ದೆ. ಸಿಂಚನ ಕಾರ್ಡು ತಂದು ಹಿಡಿದಳು. ಜೇಬಿನಿಂದ ಪೆನ್ನು ತೆಗೆದು, ಕಾರ್ಡನ್ನು ಗೋಡೆಗೆ ಒತ್ತಿ, ಜೂನ್‌ನಿಂದ ಮಾರ್ಚ್‌ವರೆಗೆ ಒಂದೇ ಉಸಿರಿಗೆ ರುಜು ಹಾಕಿದೆ.

“ಇನ್ನೂ ಮಾಡೇ ಇಲ್ವಲ್ಲಪ್ಪಾ!” ಎಂದಳು.

“ಮಾಡ್ತೀವಲ್ಲ ಮಗ, ವರ್ಷ ಎಲ್ಲಿಗ್ ಓಯ್ತದೆ?”

ಅವಳು ಒಳಗೆ ಓಡಿದಳು. ಬ್ಯಾಗಿನಿಂದ ಪೆನ್ಸಿಲ್ ತಂದಳು. “ಸರಿ, ನಿಜ್ವಾಗ್ಲೂ ಮಾಡಿದ್ಮೇಲೆ ಪಕ್ಕದಲ್ಲಿ ನಾನೊಂದು ಚುಕ್ಕಿ ಇಡ್ತೀನಿ. ಚುಕ್ಕಿ ಇಲ್ದೆ ಇದ್ರೆ ಸೈನ್ ಲೆಕ್ಕಕ್ಕಿಲ್ಲ, ಗೊತ್ತಾಯ್ತಾ?”

ಮೂರು ಚುಕ್ಕಿಗಳಿವೆ. ಜೂನ್‌ನಲ್ಲಿ ಮನೆಯ ಮುಂದೆ ನುಗ್ಗೆಕಡ್ಡಿ ನೆಟ್ಟೆವು. ಆಗಸ್ಟಿನಲ್ಲಿ ಇಬ್ಬರೂ ಸೇರಿ ಉಪ್ಪಿಟ್ಟು ಮಾಡಿದೆವು. ಒಗ್ಗರಣೆ ಸಿಡಿದಾಗ ಅವಳು ಕಾರ್ಡನ್ನು ಗುರಾಣಿಯಂತೆ ಮುಖಕ್ಕೆ ಹಿಡಿದಳು, ಎಣ್ಣೆಯ ಕಲೆ ಆ ದಿನದ್ದು. ಅಕ್ಟೋಬರಿನಲ್ಲಿ ನಮ್ಮ ಬೀದಿಯ ನಕ್ಷೆ ಬರೆದೆವು. ಹಿಟ್ಟಿನ ಗಿರಣಿಗೆ ಒಂದು ಚೌಕ, ಆಟೋ ಸ್ಟ್ಯಾಂಡಿಗೆ ಮೂರು ಗೆರೆ, ಕಚ್ಚುವ ನಾಯಿಯಿರುವ ಮನೆಗೆ ಕೆಂಪು ಬಣ್ಣ. ಉಳಿದ ಏಳು ಚೌಕಗಳಲ್ಲಿ ನಾನು ಡ್ಯೂಟಿಯಲ್ಲಿದ್ದೆ, ಇಲ್ಲವೇ ನಿದ್ದೆಯಲ್ಲಿದ್ದೆ. ಸಂಜೆ ಬಸ್ಸಿಳಿದು ಬಂದ ತಾಯಿ “ಇವತ್ತು ಅಪ್ಪ ಮಗಳು ಏನ್ ಮಾಡುದ್ರಿ?” ಎಂದು ಕೇಳಿದರೆ ಸಿಂಚನ ಕಾರ್ಡು ತೋರಿಸುತ್ತಿದ್ದಳು: “ಅಪ್ಪ ಸೈನ್ ಆಕವ್ರೆ, ನೋಡವ್ವ.” ಅದು ಸುಳ್ಳಲ್ಲ. ಸ್ಕಾರ್ಫು ಕಟ್ಟಿಕೊಂಡವಳು ಸುಳ್ಳನ್ನೂ ಹೇಳದೆ, ಅಪ್ಪನನ್ನೂ ಬಿಟ್ಟುಕೊಡದೆ, ಆ ಒಂದು ಮಾತನ್ನು ತಾನೇ ಹುಡುಕಿಕೊಂಡಿದ್ದಳು. ಒಂಬತ್ತು ವರ್ಷದ ಮಗುವಿಗೆ ಅಷ್ಟು ಎಚ್ಚರದಿಂದ ಮಾತಾಡುವ ಕಷ್ಟವನ್ನು ತಂದಿಟ್ಟವನು ನಾನು.

ಮಾರ್ಚಿನಲ್ಲಿ ಟೀಚರ್ ಕಾರ್ಡುಗಳನ್ನು ಕೇಳಿದಾಗ ಅವಳು ಕೊಡಲಿಲ್ಲವಂತೆ. “ರಜದಲ್ಲಿ ಉಳ್ದಿದ್ದೆಲ್ಲ ಮಾಡ್ಬುಡನ ಅಪ್ಪ, ಆಮೇಲೆ ಕೊಡ್ತೀನಿ” ಎಂದಳು. ನಾನು ಆಗಲಿ ಎಂದೆ. ಅದೂ ಒಂದು ರುಜುವೇ.

ಜೂನ್‌ನಲ್ಲಿ ಶಾಲೆಗಳು ಮತ್ತೆ ತೆರೆದ ವಾರ ಮಂಜುಳ ಸಿಂಚನಳ ಬ್ಯಾಗು ಬಿಚ್ಚಿದಳು. ಕಾರ್ಡು ಸಿಕ್ಕಿತು. ಹತ್ತೂ ಚೌಕ ತುಂಬಿದ್ದನ್ನು ನೋಡಿ, ನನಗೆ ಹೇಳದೆ, ತಾನೇ ಶಾಲೆಗೆ ಹೋಗಿ ಟೀಚರಿಗೆ ತೋರಿಸಿ, ವರ್ಷ ಪೂರೈಸಿದವರಿಗೆ ಕೊಡುವ ಬಟ್ಟೆಯ ಬ್ಯಾಡ್ಜನ್ನು ತಂದಳು. ಅವಳ ಮುಖದಲ್ಲಿ ಏಪ್ರಿಲ್‌ನಿಂದ ಕಾಣದಿದ್ದ ಏನೋ ಒಂದು ಇತ್ತು. “ನಾನಂತೂ ಒಂದ್ ಭಾನ್ವಾರನೂ ಅವಳ್ ಜೊತೆ ಇರ್ಲಿಲ್ಲ. ನೀವಾದ್ರೂ ಇದ್ರಲ್ಲ” ಎಂದಳು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಮುಳುಗುವವರು ಹಿಡಿದ ಹಗ್ಗ ತುಂಡಾದದ್ದೆಂದು ಗೊತ್ತಿದ್ದರೂ ಹೇಳಲು ಬಾಯಿ ಬರುವುದಿಲ್ಲ. ಅದರಲ್ಲೂ ಹಗ್ಗ ಎಸೆದವನು ತಾನೇ ಆದಾಗ.

ಅಂದಿನಿಂದ ಅವಳು ದಿನಕ್ಕೊಂದು ಚೌಕ ಓದಿ ಕೇಳತೊಡಗಿದಳು. ಹಕ್ಕಿ ನೋಡಲು ಹೋಗಿದ್ದಿರಲ್ಲ, ಏನೇನು ಕಂಡಳು? ನಾನು ಏನೋ ಹೇಳಿದೆ. ಡಿಸೆಂಬರಿನ ಚೌಕದಲ್ಲಿ ‘ಎರಡು ನದಿ ಸೇರುವ ಜಾಗ ನೋಡುವುದು’ ಎಂದಿತ್ತು. ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುವುದನ್ನು ಪಕ್ಕದ ಮೂಗೂರಿನವಳಿಗೆ ಯಾರೂ ವಿವರಿಸಬೇಕಾಗಿಲ್ಲ; ಅವಳಿಗೆ ಬೇಕಾಗಿದ್ದದ್ದು ಮಗಳ ಮಾತು. “ಸಂಗಮ ನೋಡಿ ಏನಂದ್ಲು?” ಎಂದಳು. “ಎರಡು ನೀರ್ಗೂ ಎರಡು ಬಣ್ಣ ಅದೆ ಅಂದ್ಲು” ಎಂದೆ. ಆ ಉತ್ತರವನ್ನು ಅವಳು ನಾಲ್ಕು ದಿನ ಇಟ್ಟುಕೊಂಡಳು. ಐದನೆಯ ದಿನ, “ನೀವಿಬ್ರೂ ಕೂತಿದ್ ಜಾಗ ತೋರ್ಸಿ” ಎಂದಳು.

ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಹೋದೆವು. ನದಿಯ ಮೆಟ್ಟಿಲಲ್ಲಿ ಹರಿಗೋಲಿನವನೊಬ್ಬ ಕೂಗಿದ: “ಬಾರಕ್ಕ, ನಡುನೀರ್ಗಂಟ ಕರ್ಕಂಡೋಯ್ತೀನಿ. ಸಾ, ದಡದಲ್ಲೇ ನಿಂತ್ಕಂಡು ಏನ್ ಮೀನ್ ಎಣುಸ್ತೀಯ?” ನಾನು ಕೈಯಾಡಿಸಿ ಬೇಡವೆಂದೆ. ಮಂಜುಳ ನನ್ನತ್ತ ನೋಡಿದಳು. ಒಂದು ಮೆಟ್ಟಿಲು ತೋರಿಸಿದೆ. ಅವಳು ಅಲ್ಲಿ ಕೂತು, ಪಕ್ಕದ ಕಲ್ಲಿನ ಮೇಲೆ ಅಂಗೈ ಊರಿದಳು. ಬಿಸಿಲಿಗೆ ಕಲ್ಲು ಬೆಚ್ಚಗಾಗಿತ್ತು. ಅವಳು ಕೈ ತೆಗೆಯಲಿಲ್ಲ.

ನೀರಿಗೆ ಒಂದೇ ಬಣ್ಣವಿತ್ತು. ಈ ದಡದಿಂದ ಆ ದಡದವರೆಗೂ ಮಣ್ಣಿನ ಕೆಂಪು. ಎಷ್ಟು ಕಣ್ಣು ಕಿರಿದಾಗಿಸಿ ನೋಡಿದರೂ ಎರಡಾಗಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಮಂಜುಳ ಅನುಮಾನಿಸಲಿಲ್ಲ. “ಅವತ್ತು ಎರಡ್ ಬಣ್ಣ ಇದ್ದಿರ್ಬೇಕು. ಅವಳ್ ಕಣ್ಣು ಬಲು ಚುರುಕು, ಸುಳ್ ಏಳಲ್ಲ ಅವ್ಳು” ಎಂದಳು.

ನನ್ನ ಸುಳ್ಳನ್ನು ನನ್ನ ಮಗಳ ತಲೆಗೆ ಕಟ್ಟಿದ್ದೆ ಎಂದು ನನಗೆ ಗೊತ್ತಾದದ್ದು ಆಗಲೇ.

“ನಾವಿಲ್ಲಿಗೆ ಬಂದೇ ಇಲ್ಲ ಮಂಜುಳ” ಎಂದೆ. ಜೂನ್‌ನ ಆ ಬೆಳಗ್ಗೆ ಬಾಗಿಲಲ್ಲಿ ನಡೆದದ್ದೆಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬ್ಯಾಗಿನಿಂದ ಕಾರ್ಡು ತೆಗೆದು, “ಯಾವ್ಯಾವ್ದು ನಿಜ?” ಎಂದಳು. ಚುಕ್ಕಿಗಳನ್ನು ತೋರಿಸಿದೆ. ಅವು ಟೀಚರ್ ಇಟ್ಟ ಗುರುತು ಎಂದು ಅವಳು ತಿಳಿದಿದ್ದಳಂತೆ. ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಿ ಕೇಳಿದಳು:

“ಮತ್ತೆ ಆ ಭಾನ್ವಾರ ಎಲ್ಲ ಅವ್ಳು ಏನ್ ಮಾಡ್ತಿದ್ಲು?”

“ಯೂನಿಫಾರಂ ಆಕ್ಕೊಂಡು ಬಾಗ್ಲಲ್ಲಿ ಕೂತಿರೋಳು. ನಾನ್ ನಿದ್ದೆಯಿಂದ ಏಳೋದನ್ನ ಕಾಯೋಳು.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಮರುದಿನ ಮಂಜುಳ ಬ್ಯಾಡ್ಜನ್ನು ಶಾಲೆಗೆ ಒಯ್ದು ಕೊಟ್ಟು ಬಂದಳು. ಟೀಚರ್ ಯಾಕೆಂದು ಕೇಳಿದರಂತೆ. “ಇನ್ನೂ ಏಳು ಬಾಕಿ ಅವೆ ಟೀಚರ್” ಎಂದಳಂತೆ. ಕಾರ್ಡನ್ನು ಮಾತ್ರ ತಂದು ಕನ್ನಡಿಯ ಸಂದಿಗೆ ಸಿಕ್ಕಿಸಿದಳು. ಅಲ್ಲಿಂದ ಅದನ್ನು ನಾನೂ ತೆಗೆದಿಲ್ಲ, ಅವಳೂ ತೆಗೆದಿಲ್ಲ.

ಬೆಳಗ್ಗೆ ಜಡೆ ಹೆಣೆದಾದ ಮೇಲೆ ಅವಳು ಜೂನ್, ಆಗಸ್ಟ್, ಅಕ್ಟೋಬರ್ ಎಂದು ಮೂರೇ ಕಡೆ ಬೆರಳಿಟ್ಟು ಕೆಲಸಕ್ಕೆ ಹೋಗುತ್ತಾಳೆ. ನನ್ನ ಕಡೆ ತಿರುಗುವುದಿಲ್ಲ. ಮುಟ್ಟಿ ಮುಟ್ಟಿ ಚುಕ್ಕಿಗಳು ಮಾಸುತ್ತಿವೆ. ಜೂನ್‌ನದು ಈಗ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ತಿದ್ದಿಬಿಡೋಣವೆಂದು ಒಂದು ದಿನ ಸಿಂಚನಳ ಪೆನ್ಸಿಲನ್ನೇ ಹುಡುಕಿ ಕೈಗೆತ್ತಿಕೊಂಡೆ. ಆದರೆ ನಾನು ಇಟ್ಟರೆ ಅದು ಅವಳ ಚುಕ್ಕಿಯಾಗುವುದಿಲ್ಲ, ನನ್ನ ಹನ್ನೊಂದನೆಯ ರುಜುವಾಗುತ್ತದೆ. ಪೆನ್ಸಿಲನ್ನು ಬ್ಯಾಗಿನಲ್ಲೇ ಇಟ್ಟೆ. ಇನ್ನೊಂದು ವರ್ಷಕ್ಕೆ ಮೂರೂ ಅಳಿಸಿಹೋಗಬಹುದು. ಬಾಲ್‌ಪೆನ್ನಿನ ನನ್ನ ರುಜುಗಳು ಮಾತ್ರ ಹಾಕಿದ ದಿನ ಇದ್ದಷ್ಟೇ ನೀಲಿಯಾಗಿವೆ.